ಗದೆಗೆ ಆರು, ಬಟ್ಟಲಿಗೆ ಹತ್ತು

ಬೊಬ್ರುವಾಡದ ಬೊಮ್ಮಯ್ಯನ ಮನೆಯಲ್ಲಿ ಒಂದು ಹಸಿರು ತಗಡಿನ ಟ್ರಂಕು ಇತ್ತು. ಊರಲ್ಲಿ ಆ ಟ್ರಂಕಿಗೆ ಇದ್ದ ಮರ್ಯಾದೆ ಬೊಮ್ಮಯ್ಯನಿಗೇ ಇರಲಿಲ್ಲ. ಅವನು ದಾರಿಯಲ್ಲಿ ಸಿಕ್ಕರೆ 'ಊಟ ಆಯ್ತಾ' ಅಂತ ಕೇಳಿ ಮುಂದೆ ಹೋಗುವ ಜನ, ಅವನ ಜಗುಲಿ ಹತ್ತಿದರೆ ಮಾತ್ರ ಮೊದಲು ಒಳಕೋಣೆಯ ಮಂಚದ ಕೆಳಗೆ ಕಣ್ಣು ಹಾಯಿಸಿ, ಟ್ರಂಕು ಇದ್ದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು ಕೂರುತ್ತಿದ್ದರು.

ಅದಕ್ಕೆ ಕಾರಣವಿತ್ತು. ಬೊಮ್ಮಯ್ಯ ಮೂವತ್ತು ವರ್ಷದಿಂದ ಸರ್ವೆ ಇಲಾಖೆಯಲ್ಲಿ ಭೂಮಾಪಕ. ಮೂಲ ಊರು ಕಾರವಾರ ಕಡೆಯ ಚೆಂಡಿಯಾ. ಏಳು ವರ್ಷದ ಹಿಂದೆ ನೌಕಾನೆಲೆಗೆ ಅಲ್ಲಿಯ ಜಾಗ ಹೋದಾಗ, ಸಾಮಾನು ಹೇರಿ ಬೊಬ್ರುವಾಡಕ್ಕೆ ತರಲು ಲಾರಿ ಬಂದು ನಿಂತಿತ್ತು. ಅವನ ತಾಯಿ ಬೊಮ್ಮಿ ಒರಳುಕಲ್ಲನ್ನು ಉರುಳಿಸಿಕೊಂಡು ಬಂದಳು. ಹೆಂಡತಿ ಸುನೀತಾ ದೇವರ ಫೋಟೋ ಮತ್ತು ತಾಮ್ರದ ಹಂಡೆ ತಂದಳು. ಬೊಮ್ಮಯ್ಯ ಮಾತ್ರ ಎಲ್ಲರಿಗಿಂತ ಮೊದಲು ಟ್ರಂಕನ್ನು ತಲೆಯ ಮೇಲೆ ಹೊತ್ತು ಹೊರಗೆ ಬಂದಿದ್ದ. ಒಳಗೆ ಎಂತ ಇದೆ ಅಂತ ಯಾರೋ ಕೇಳಿದರು. 'ಕಾಗದಪತ್ರ' ಅಂದ. ಅದು ಸುಳ್ಳೇನೂ ಅಲ್ಲ, ಒಳಗೆ ಇದ್ದದ್ದು ಕಾಗದವೇ.

ಭೂಮಾಪಕನೊಬ್ಬ ಮನೆ ಬಿಟ್ಟು ಹೊರಡುವಾಗ ಒರಳುಕಲ್ಲಿಗಿಂತ ಮೊದಲು ಹೊತ್ತ ಕಾಗದಪತ್ರ ಅಂದಮೇಲೆ ಅದರಲ್ಲಿ ಅರ್ಧ ತಾಲೂಕಿನ ಹಳೇ ನಕಾಶೆ, ಮೂಲ ದಾಖಲೆ, ಕಾಯಿದೆ ಪುಸ್ತಕ ಎಲ್ಲ ಇರಲೇಬೇಕು ಅಂತ ಊರು ತೀರ್ಮಾನ ಮಾಡಿತು. ಬೊಮ್ಮಯ್ಯ ಆ ತೀರ್ಮಾನವನ್ನು ಅಲ್ಲಗಳೆಯಲಿಲ್ಲ. ಯಾರಾದರೂ ಗಡಿ ತಕರಾರು ತಂದರೆ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಟ್ರಂಕಿನ ಮುಚ್ಚಳವನ್ನು ಒಮ್ಮೆ ಸದ್ದಾಗುವಂತೆ ತೆರೆದು, ಒಮ್ಮೆ ಸದ್ದಾಗುವಂತೆ ಮುಚ್ಚಿ, ಹೊರಗೆ ಬಂದು ತನಗೆ ಮೊದಲೇ ಗೊತ್ತಿದ್ದ ಉತ್ತರವನ್ನು ಹೇಳುತ್ತಿದ್ದ.

ಟ್ರಂಕಿನಲ್ಲಿ ಇದ್ದದ್ದು ನೂರಾ ಹನ್ನೆರಡು ಕಾಮಿಕ್ಸ್ ಪುಸ್ತಕ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಕೋಲಾ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಒಂದೊಂದಾಗಿ ಕೊಂಡದ್ದು. ಅವುಗಳ ನಾಯಕ ಗಗನಕೇತು. ಅವನ ಕೈಯಲ್ಲಿ ಪ್ರಳಯಗದೆ. ಒಂದು ಬೀಸಿಗೆ ಏಳು ಸೂರ್ಯರು ಪುಡಿ. ಅದೇ ಮಾಲಿಕೆಯಲ್ಲಿ ಇನ್ನೊಬ್ಬ ಶೂನ್ಯನಾಥ. ಅವನಿಗೆ ಕವಚವಿಲ್ಲ, ಕಿರೀಟವಿಲ್ಲ, ಕೈಯಲ್ಲಿ ಬರೇ ಒಂದು ಶೂನ್ಯಬಟ್ಟಲು. ಅದನ್ನು ಓರೆ ಮಾಡಿ ಹಿಡಿದರೆ ನಕ್ಷತ್ರಗಳು ಸದ್ದಿಲ್ಲದೆ ಅದರೊಳಗೆ ಇಳಿದುಹೋಗುತ್ತಿದ್ದವು. ಕೊನೆಗೆ ಇಬ್ಬರೂ ಎದುರುಬದುರಾಗುವ 'ಮುಖಾಮುಖಿ' ವಿಶೇಷಾಂಕ ಎರಡು ಭಾಗದಲ್ಲಿ ಬರುತ್ತದೆ ಅಂತ ಪ್ರಕಟಣೆಯಾಯಿತು. ಮೊದಲ ಭಾಗ ಬಂತು. ಕೊನೆಯ ಪುಟದಲ್ಲಿ ಗದೆ ಮೇಲಕ್ಕೆ ಎದ್ದಿತ್ತು, ಬಟ್ಟಲು ಓರೆಯಾಗಿತ್ತು. ಎರಡನೆಯ ಭಾಗ ಅಂಕೋಲೆಗೆ ಬರಲೇ ಇಲ್ಲ. ಪ್ರಕಾಶಕರು ಅಂಗಡಿ ಮುಚ್ಚಿದರು ಅಂತ ಬಸ್‌ಸ್ಟ್ಯಾಂಡಿನವ ಹೇಳಿದ. ಅದಾಗಿ ಇಪ್ಪತ್ತೆರಡು ವರ್ಷ.

ಅಳೆಯದೆ ಬಿಟ್ಟ ಜಾಗ ಕಂಡರೆ ಬೊಮ್ಮಯ್ಯನಿಗೆ ಊಟ ಸೇರುವುದಿಲ್ಲ. ಅದಕ್ಕೇ ಅವನು ಒಂದು ನೋಟುಬುಕ್ಕಿನಲ್ಲಿ ಆ ಪುಸ್ತಕಗಳ ಅಷ್ಟೂ ಆಯುಧಗಳಿಗೆ ಬಲದ ಮಾಪನ ಬರೆದಿಟ್ಟಿದ್ದ. ಒಂದು ಊರು ಸುಟ್ಟರೆ ಒಂದು ಅಂಕ, ಭೂಗೋಳ ಒಡೆದರೆ ನಾಲ್ಕು, ಸೂರ್ಯ ಆರಿದರೆ ಆರು, ಇಡೀ ಬ್ರಹ್ಮಾಂಡ ಹೋದರೆ ಹತ್ತು. ಪ್ರಳಯಗದೆಗೆ ಹತ್ತು ಕೊಟ್ಟು ಕೆಳಗೆ ಎರಡು ಗೆರೆ ಎಳೆದಿದ್ದ. ಶೂನ್ಯಬಟ್ಟಲಿಗೆ ಆರು. ಅದೂ ಪಾಪ ಅಂತ ಕೊಟ್ಟದ್ದು.

ಇನ್ನು ವಿಷಯಕ್ಕೆ ಬರೋಣ. ಬೊಮ್ಮಯ್ಯನ ಮಗಳು ವಿಜೇತಾ ಅಂಕೋಲೆಯಲ್ಲಿ ಶಾಲಾ ಮಾಸ್ತರಿಕೆ ಮಾಡುತ್ತಿದ್ದಳು. ಕಾರವಾರದ ರೂಪೇಶ ನೌಕಾನೆಲೆಯ ದುರಸ್ತಿ ಕಾರ್ಖಾನೆಯಲ್ಲಿ ಇಲೆಕ್ಟ್ರಿಶಿಯನ್. ಇಬ್ಬರೂ ಒಪ್ಪಿಕೊಂಡು, ಆಮೇಲೆ ಮನೆಯವರಿಗೆ ಹೇಳಿದ್ದರು. ಜಾತಿ ಒಂದೇ, ಆದರೆ ಅವರ ಮನೆಯಲ್ಲಿ ಕೊಂಕಣಿ, ಇವರ ಮನೆಯಲ್ಲಿ ಕನ್ನಡ. ಮೀನುಸಾರು ಎರಡು ಕಡೆಯೂ ಒಂದೇ ಆದ್ದರಿಂದ ಭಾಷೆಯ ತೊಂದರೆ ಬರಲಿಲ್ಲ. ಮೇ ತಿಂಗಳ ಒಂದು ಭಾನುವಾರ ಸಕ್ಕರೆ ಪುಡಿಕೆ ಬದಲಾಯಿಸಿಕೊಳ್ಳುವುದು ಅಂತ ನಿಶ್ಚಯವಾಯಿತು. ನಮ್ಮ ಕಡೆ ಗಂಡಿನವರೂ ಹೆಣ್ಣಿನವರೂ ಒಂದೊಂದು ಸಕ್ಕರೆ ಪುಡಿಕೆ ಕಟ್ಟಿ ಕೈ ಬದಲಾಯಿಸಿದರೆ ಮಾತು ಗಟ್ಟಿ. ಅದಕ್ಕಿಂತ ಮೊದಲು ಏನಾಡಿದರೂ ಗಾಳಿಮಾತು.

ರೂಪೇಶನ ಅಪ್ಪ ದತ್ತಾ, ಅಮ್ಮ ವೈಜಯಂತಿ, ರೂಪೇಶ ಮೂವರೂ ಹತ್ತರ ಬಸ್ಸಿಗೆ ಬಂದಿಳಿದರು. ದತ್ತಾ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿಗೆ ಸೀಲು ಹಾಕುವ ಕೆಲಸ ಮಾಡಿ ನಿವೃತ್ತನಾದವ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಬಂದವನೇ ಸುನೀತಾ ಇಟ್ಟ ಕರಿ ಈಶಾಡು ಮಾವಿನ ಹಣ್ಣನ್ನು ಕೈಯಲ್ಲೇ ತೂಗಿ 'ಇನ್ನೂರಾ ಎಂಬತ್ತು ಗ್ರಾಂ' ಅಂದ. ಬೀಗ ಒಳ್ಳೆಯವ ಅಂತ ಬೊಮ್ಮಯ್ಯನಿಗೆ ಆ ಕ್ಷಣವೇ ಅನ್ನಿಸಿತು. ಮಾವಿನ ರಸ ಅಂಗಿಯ ತೋಳಿಗೆ ಇಳಿದದ್ದರಿಂದ ದತ್ತಾ ಕೈತೊಳೆಯಲು ಒಳಗೆ ಹೋದ. ಹೋಗುವ ದಾರಿಯಲ್ಲಿ ಒಳಕೋಣೆ. ಬೆಳಿಗ್ಗೆ ನೋಟುಬುಕ್ಕು ನೋಡಿ ಅವಸರದಲ್ಲಿ ಮುಚ್ಚಿದ್ದ ಟ್ರಂಕಿನಿಂದ ಒಂದು ಪುಸ್ತಕದ ಮೂಲೆ ಹೊರಗೆ ಚಾಚಿಕೊಂಡಿತ್ತು.

ಬೊಮ್ಮಯ್ಯ ಟವೆಲು ಹಿಡಿದು ಹಿಂದೆ ಹೋದಾಗ ದತ್ತಾ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ.

"ಹದಿನೇಳನೇ ಸಂಚಿಕೆ," ಅಂದ ದತ್ತಾ. ಪುಸ್ತಕ ಅವನ ಕೈಯಲ್ಲಿತ್ತು. "ನನ್ನ ಹತ್ರ ಇದೊಂದು ಇಲ್ಲ."

ಬೊಮ್ಮಯ್ಯ ಮೆಲ್ಲಗೆ ಬಾಗಿಲು ಹಾಕಿದ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹಂಚಿಕೊಳ್ಳಲು ಒಬ್ಬ ಮನುಷ್ಯ ಸಿಕ್ಕಿದ್ದ, ಅದೂ ಬೀಗನೇ. ಅವನ ಕಣ್ಣಲ್ಲಿ ನೀರು ಬಂತು. ಇಬ್ಬರೂ ಟ್ರಂಕನ್ನು ನಡುವೆ ಎಳೆದುಕೊಂಡು ಮುಕ್ಕಾಲು ಗಂಟೆ ಕೂತರು. ಹೊರಗೆ ಹೆಂಗಸರು ಗಂಡಸರ ಪ್ರೀತಿ ಕಂಡು ಸಂತೋಷಪಟ್ಟು ಎರಡನೇ ಸಲ ಚಾ ಮಾಡಿದರು.

ಆಮೇಲೆ ಬೊಮ್ಮಯ್ಯ ನೋಟುಬುಕ್ಕು ತೋರಿಸಿದ. ಅದನ್ನು ತೋರಿಸದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದತ್ತಾ ಕನ್ನಡಕ ಏರಿಸಿ ಓದಿದ. ಬಟ್ಟಲಿಗೆ ಆರೇ ಅಂತ ಕೇಳಿದ. ಹೌದು ಆರು ಅಂತ ಬೊಮ್ಮಯ್ಯ ಅಂದ. ಕೈತಪ್ಪಿ ಬರೆದದ್ದೋ ಅಂತ ದತ್ತಾ ಕೇಳಿದ. ಲೆಕ್ಕ ಹಾಕಿ ಬರೆದದ್ದು ಅಂತ ಬೊಮ್ಮಯ್ಯ ಅಂದ. ದತ್ತಾ ಕನ್ನಡಕ ತೆಗೆದು ಒರೆಸಿ, ತನ್ನ ಮನೆಯಲ್ಲೂ ಇಂಥದೇ ಒಂದು ವಹಿ ಇದೆಯೆಂದೂ, ಅದರಲ್ಲಿ ಬಟ್ಟಲಿಗೆ ಹತ್ತು, ಗದೆಗೆ ಆರು ಇದೆಯೆಂದೂ, ಆ ಆರು ಕೂಡ ಹಿಡಿಕೆಯ ಕೆತ್ತನೆಕೆಲಸ ನೋಡಿ ಕೊಟ್ಟದ್ದೆಂದೂ ಹೇಳಿದ. ಸಾಕಲ್ಲ. ದನಿ ಏರಿತು. ಒಂದು ಏಟಿಗೆ ಎಲ್ಲ ಹೋಗ್ತದೆ ಅಂತ ಒಬ್ಬ, ಹೋಗೂದಲ್ಲ ಒಂದು ಕಣ ಉಳಿಯದ ಹಾಗೆ ನುಂಗ್ತದೆ ಅಂತ ಇನ್ನೊಬ್ಬ. ಅಳತೆ ಮಾಡಿ ಆಗಿದೆ, ಇನ್ನು ಬದಲಾಗೂದಿಲ್ಲ ಅಂತ ಬೊಮ್ಮಯ್ಯ ಕೂಗಿದ್ದು ಬೀದಿಗೂ ಕೇಳಿಸಿತು. ಕೊನೆಗೆ ಬೊಮ್ಮಯ್ಯನ ಬಾಯಿಂದ ಆ ಮಾತು ಬಿತ್ತು.

"ಬಟ್ಟಲು ಅಂದ್ರೆ ಅಡಿಗೆಮನೆ ಸಾಮಾನು ಮಾರಾಯ್ರೇ. ಅದನ್ನ ಆಯುಧ ಅಂತ ಹೇಳೂಕೆ ನಾಚಿಕೆ ಆಗ್ಬೇಕು."

ದತ್ತಾ ಎದ್ದ. ಜಗುಲಿಗೆ ಬಂದು ಹರಿವಾಣದಲ್ಲಿದ್ದ ತನ್ನ ಸಕ್ಕರೆ ಪುಡಿಕೆ ತೆಗೆದು ಚೀಲಕ್ಕೆ ಹಾಕಿ, ಹೆಂಡತಿಗೆ ಚಲ್ ಅಂದ. ವೈಜಯಂತಿ ಎಂತಾಯ್ತು ಅಂತ ಕೇಳಿದಳು. ಇಂಥ ಮನೆಯಲ್ಲಿ ಸಂಬಂಧ ಆಗೂದಿಲ್ಲ ಅಂದ. ಕಾರಣ ಹೇಳಲಿಲ್ಲ. ಬ್ರಹ್ಮಾಂಡ ನುಂಗುವ ಬಟ್ಟಲಿನ ಮಾನಾಪಮಾನದ ಪ್ರಶ್ನೆ ಅಂತ ಅರವತ್ತು ವರ್ಷದ ನಿವೃತ್ತ ಸರಕಾರಿ ನೌಕರ ಹೆಂಡತಿಗೆ ಹೇಳುವುದು ಹೇಗೆ? ರೂಪೇಶ ಒಮ್ಮೆ ವಿಜೇತಾಳ ಮುಖ ನೋಡಿದ, ಒಮ್ಮೆ ಅಪ್ಪನ ಬೆನ್ನು ನೋಡಿದ, ಮೂವರೂ ಹನ್ನೆರಡೂವರೆಯ ಬಸ್ಸಿಗೆ ಕಾರವಾರಕ್ಕೆ ಹೋದರು.

ಹೆಣ್ಣಿನವರ ಸಕ್ಕರೆ ಪುಡಿಕೆ ಹರಿವಾಣದಲ್ಲೇ ಉಳಿಯಿತು. ಸುನೀತಾ ಗಂಡನನ್ನು ಎಂತ ಮಾತಾಡಿದ್ರಿ ಅಂತ ಕೇಳಿದಳು. ಬೊಮ್ಮಯ್ಯನೂ ಬಾಯಿ ಬಿಡಲಿಲ್ಲ. ಅಳತೆಯಲ್ಲಿ ಒಮ್ಮತ ಬರಲಿಲ್ಲ ಅಂತಷ್ಟೇ ಹೇಳಿ ಅಂಗಳಕ್ಕೆ ಹೋಗಿ ತೆಂಗಿನಮರ ನೋಡುತ್ತ ನಿಂತ. ವಿಜೇತಾ ಸಕ್ಕರೆ ಪುಡಿಕೆಯನ್ನು ಎತ್ತಿ ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದಳು. ಆ ಬಾಗಿಲಿನ ಸದ್ದು ಬೊಮ್ಮಯ್ಯನಿಗೆ ಅಂಗಳಕ್ಕೂ ಕೇಳಿಸಿತು. ಮಗಳ ಮದುವೆಯನ್ನು ತಾನೇ ಮುರಿದೆ ಅಂತ ಅವನಿಗೆ ಆಗ ಗೊತ್ತಾಯಿತು. ಆದರೆ ಗದೆಗೆ ಆರು ಅಂತ ಒಪ್ಪಿಕೊಳ್ಳುವುದಾದರೂ ಹೇಗೆ ಅಂತಲೂ ಅನ್ನಿಸಿತು.

ಈಗ ಪಕ್ಕದ ಮನೆಯ ಜಟ್ಟುವಿನ ಬಗ್ಗೆ ಒಂದು ಮಾತು. ಜಟ್ಟುವೂ ಚೆಂಡಿಯಾದಿಂದ ಎದ್ದು ಬಂದವನೇ. ಆ ದಿನ ಬೀಗರಿಗೆಂದು ಬಾಳೆಹಣ್ಣಿನ ಗೊನೆ ತಂದು ಕಿಟಕಿಯ ಹತ್ತಿರ ನಿಂತಿದ್ದ. ಅವನು ಕೇಳಿಸಿಕೊಂಡದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಳತೆ ಮಾಡಿ ಆಗಿದೆ. ಒಂದು ಕಣ ಉಳಿಯೂದಿಲ್ಲ, ನುಂಗ್ತದೆ. ಬದಲಾಗೂದಿಲ್ಲ. ಆಯುಧ. ಮಾತಾಡುತ್ತಿದ್ದವರು ಒಬ್ಬ ಸರ್ವೆಯವ, ಇನ್ನೊಬ್ಬ ನೌಕಾನೆಲೆಯಲ್ಲಿ ಕೆಲಸ ಮಾಡುವವನ ಅಪ್ಪ. ನಡುವೆ ತೆರೆದ ಟ್ರಂಕು. ಬೇರೆ ಊರಿನವನಾಗಿದ್ದರೆ ಇವಿಷ್ಟರಿಂದ ಏನೂ ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ಒಮ್ಮೆ ಮನೆ ಬಿಟ್ಟು ಎದ್ದು ಬಂದವನಿಗೆ ಒಂದೇ ಅರ್ಥ. ಜಟ್ಟು ಗೊನೆಯನ್ನು ಅಲ್ಲೇ ಇಟ್ಟು ಓಡಿದ.

ಮಧ್ಯಾಹ್ನ ಮೂರಕ್ಕೆ ಬೊಬ್ರುವಾಡಕ್ಕೆಲ್ಲ ಗೊತ್ತಾಯಿತು, ನೌಕಾನೆಲೆ ಇಲ್ಲಿಗೂ ಬರುತ್ತದೆ ಅಂತ. ನಾಲ್ಕಕ್ಕೆ ಸುದ್ದಿ ಪಕ್ಕದ ಊರು ಶೆಟಗೇರಿ ಮುಟ್ಟಿತು. ಅಲ್ಲಿಂದ ತಿರುಗಿ ಬರುವಾಗ ಆಯುಧದ ಉದ್ದ, ಅಗಲ, ಅದನ್ನು ಇಡುವ ಸರ್ವೆ ನಂಬರು ಎಲ್ಲ ಸೇರಿಕೊಂಡಿತ್ತು. ಸಂಬಂಧ ಮುರಿದದ್ದಕ್ಕೂ ಕಾರಣ ಸಿಕ್ಕಿತು. ಬೀಗ ಅಂತ ಬಂದವ ಒಳಗಿನ ಗುಟ್ಟು ಹೇಳಿದ, ಬೊಮ್ಮಯ್ಯ ಊರನ್ನು ಬಿಟ್ಟುಕೊಡಲಿಲ್ಲ, ಮಗಳ ಮದುವೆ ಹೋದರೂ ಹೋಗಲಿ ಅಂದ. ಹೀಗೆ ಬೊಮ್ಮಯ್ಯ ಏನೂ ಮಾಡದೆ ಮಹಾತ್ಮನಾದ.

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗಲೇ ಜಗುಲಿಯಲ್ಲಿ ಹನ್ನೊಂದು ಮನೆಯವರು ಕೂತಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಹಣಿ, ಹಕ್ಕುಪತ್ರ, ಅಜ್ಜನ ಹೆಬ್ಬೆಟ್ಟು ಇದ್ದ ಹಳೇ ಕಾಗದ. ಇವನ್ನೆಲ್ಲ ಟ್ರಂಕಿನಲ್ಲಿ ಇಟ್ಟುಕೊಳ್ಳಬೇಕು, ನಿಮ್ಮ ಕಾಗದದ ಜೊತೆ ನಮ್ಮ ಕಾಗದವೂ ಇದ್ದರೆ ಧೈರ್ಯ ಅಂತ ಜಟ್ಟು ಎಲ್ಲರ ಪರವಾಗಿ ಹೇಳಿದ. ಬೊಮ್ಮಯ್ಯ ಬಾಯಿ ತುಂಬ ಪೇಸ್ಟು ಇದ್ದದ್ದರಿಂದ ತಲೆ ಮಾತ್ರ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಅಂತ ಯಾರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಚೀಲಗಳು ಜಗುಲಿಯ ಮೂಲೆಯಲ್ಲೇ ಉಳಿದವು.

ಹತ್ತಕ್ಕೆ ಗ್ರಾಮ ಲೆಕ್ಕಿಗರು ಸ್ಕೂಟರಿನಲ್ಲಿ ಬಂದರು. ಇಂಥ ಅಧಿಸೂಚನೆ ಹೊರಟಿದ್ದು ತನಗೆ ಗೊತ್ತೇ ಇಲ್ಲ, ತಹಶೀಲ್ದಾರರು ಕೇಳಿದರೆ ಏನು ಹೇಳಲಿ, ದಯವಿಟ್ಟು ನಂಬರು ಕೊಡಿ ಅಂತ ಬೆವರು ಒರೆಸಿಕೊಂಡರು. ಇಲ್ಲ ಅನ್ನುವ ಎರಡಕ್ಷರ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಲ್ಲ ಅಂದರೆ ಮತ್ತೆ ಟ್ರಂಕಿನಲ್ಲಿ ಎಂತ ಇದೆ ಅಂತ ಕೇಳುತ್ತಾರೆ. ಮೂವತ್ತು ವರ್ಷದ ಸರಕಾರಿ ಅಭ್ಯಾಸ ಬೊಮ್ಮಯ್ಯನ ನಾಲಿಗೆಯ ತುದಿಗೆ ಬಂದು ನಿಂತಿತು.

"ಇನ್ನೂ ಅಂತಿಮ ಆಗ್ಲಿಲ್ಲ," ಅಂದುಬಿಟ್ಟ.

ಲೆಕ್ಕಿಗರು ಸ್ಕೂಟರು ಹತ್ತಿ ಹೋದರು. ಊರಲ್ಲಿ ಆ ಹೊತ್ತಿನಿಂದ ಯಾರೂ ಹೊಸ ತೆಂಗಿನ ಸಸಿ ನೆಡಲಿಲ್ಲ.

ವಾರ ಕಳೆಯಿತು. ವಿಜೇತಾ ರಜೆಯಲ್ಲೂ ಶಾಲೆಗೆ ಹೋಗಿ ಕಪಾಟು ಒರೆಸಿ ಬರುತ್ತಿದ್ದಳು. ಮನೆಯ ಕಪಾಟಿನಲ್ಲಿದ್ದ ಸಕ್ಕರೆ ಪುಡಿಕೆಗೆ ಇರುವೆ ಹತ್ತಿ, ಸಾಲು ಗೋಡೆ ಇಳಿದು ಒಳಕೋಣೆ ದಾಟಿ ಹೋಗುತ್ತಿತ್ತು. ಸುನೀತಾ ಅದನ್ನು ಒರೆಸಲಿಲ್ಲ. ಕಾಣಲಿ ಅಂತಲೇ ಬಿಟ್ಟಿದ್ದಳು. ಬೊಮ್ಮಯ್ಯ ದಿನಾ ಇರುವೆ ಸಾಲನ್ನು ಹಾರಿ ಹಾರಿ ಕಚೇರಿಗೆ ಹೋಗುತ್ತಿದ್ದ.

ಶನಿವಾರ ಮಧ್ಯಾಹ್ನ ಅವನು ಕಚೇರಿಯಿಂದ ಬಂದಾಗ ತಾಯಿ ಬೊಮ್ಮಿ ಹಿತ್ತಲಲ್ಲಿದ್ದಳು. ಎಪ್ಪತ್ತೆಂಟು ವರ್ಷದ ಮುದುಕಿ ಒರಳುಕಲ್ಲನ್ನು ಬುಡದಿಂದ ಎಬ್ಬಿಸಿ, ಗೋಣಿಚೀಲದಲ್ಲಿ ಸುತ್ತಿ, ಹಗ್ಗ ಕಟ್ಟುತ್ತಿದ್ದಳು. ಎಂತ ಮಾಡ್ತೆ ಅಂತ ಕೇಳಿದ. ಅವಳು ಕೈ ನಿಲ್ಲಿಸಲಿಲ್ಲ.

"ಹೋದ ಸಲ ಲಾರಿ ಬಂದ ಮೇಲೆ ಕಟ್ಟೂಕೆ ಕೂತೆ, ತಮಾ. ಅವಸರದಲ್ಲಿ ಒನಕೆ ಅಲ್ಲೇ ಬಿಟ್ಟುಹೋಯ್ತು. ಈ ಸಲ ಮುಂಚೆಯೇ ಕಟ್ಟಿ ಇಟ್ಟುಕೊಳ್ತೆ."

ಏಳು ವರ್ಷದ ಹಿಂದೆ ತನ್ನ ತಾಯಿ ಕಲ್ಲು ಉರುಳಿಸುತ್ತಿದ್ದಾಗ ತಾನು ಗಗನಕೇತುವನ್ನು ತಲೆಯ ಮೇಲೆ ಹೊತ್ತು ಹೊರಟದ್ದು ನೆನಪಾಗಿ, ಬದುಕಿನಲ್ಲಿ ಅಷ್ಟು ನಾಚಿಕೆ ಬೊಮ್ಮಯ್ಯನಿಗೆ ಎಂದೂ ಆಗಿರಲಿಲ್ಲ. ತಾಯಿಯ ಕೈಯಿಂದ ಹಗ್ಗ ಬಿಡಿಸಿದ. ಒಳಗೆ ಹೋಗಿ ಟ್ರಂಕನ್ನು ಎಳೆದು ಜಗುಲಿಗೆ ತಂದ. ಜಟ್ಟುವನ್ನು ಕರೆದು ಎಲ್ಲರನ್ನೂ ಕರೆ ಅಂದ. ಅರ್ಧ ಊರು ಸೇರಿದ ಮೇಲೆ ಮುಚ್ಚಳ ತೆರೆದು, ನೌಕಾನೆಲೆ ಬರುವುದಿಲ್ಲ, ಅಳತೆ ಆಗಿಲ್ಲ, ಇಗೋ ನನ್ನ ಕಾಗದಪತ್ರ, ಈ ಗದೆ ದೊಡ್ಡದೋ ಈ ಬಟ್ಟಲು ದೊಡ್ಡದೋ ಅಂತ ಜಗಳವಾಗಿ ಮಗಳ ಸಂಬಂಧ ಕೆಡಿಸಿದೆ, ಬಯ್ಯುವವರು ಬಯ್ಯಿರಿ ಅಂತ ಒಂದೇ ಉಸಿರಿಗೆ ಹೇಳಿ ಕಂಬಕ್ಕೆ ಒರಗಿದ.

ಯಾರೂ ಬಯ್ಯಲಿಲ್ಲ. ಹನ್ನೊಂದು ಮನೆಯವರು ಜಗುಲಿಯ ಮೂಲೆಯಿಂದ ತಮ್ಮ ತಮ್ಮ ಚೀಲ ಎತ್ತಿ ಎದೆಗೆ ಒತ್ತಿಕೊಂಡರು. ಬೊಮ್ಮಿ ಒಂದು ಪುಸ್ತಕ ತೆಗೆದು ತಿರುಗಿಸಿ ನೋಡಿ, ಮನೆ ಹೋಗೂದಿಲ್ಲ ಅಲ್ಲ, ಅಷ್ಟೇ ಸಾಕು ಅಂತ ಹೇಳಿ, ಒರಳುಕಲ್ಲು ಇದ್ದಲ್ಲಿ ಇಟ್ಟುಕೊಡು ಅಂದಳು. ಜಟ್ಟು 'ಮುಖಾಮುಖಿ' ವಿಶೇಷಾಂಕದ ಮೊದಲ ಭಾಗವನ್ನು ನಿಂತಲ್ಲೇ ಓದಿ ಮುಗಿಸಿದ. ಕೊನೆಯ ಪುಟ ತಿರುಗಿಸಿ, ಮುಂದೆ ಇಲ್ಲ ಅಂತ ಗೊತ್ತಾದ ಮೇಲೆ ಅವನ ಮುಖ ಬದಲಾಯಿತು.

"ಹಂಗಾರೆ ದೊಡ್ಡದು ಯಾವುದು?" ಅಂತ ಕೇಳಿದ.

ಅಲ್ಲಿಗೆ ಊರು ಎರಡಾಯಿತು. ಗದ್ದೆಯವರು ಗದೆಯ ಕಡೆ, ಮೀನು ಮಾರುವ ಹೆಂಗಸರು ಬಟ್ಟಲಿನ ಕಡೆ. ಸಮುದ್ರ ನೋಡಿದವರಿಗೆ ನುಂಗುವುದು ಅಂದರೆ ಎಂತ ಅಂತ ಗೊತ್ತು ಅಂತ ಅವರ ವಾದ. ಗಲಾಟೆಯ ಸುದ್ದಿ ಕೇಳಿ, ಶೆಟಗೇರಿಯಿಂದ ಸುನೀತಾಳ ಸೋದರಮಾವ ಮಾಬ್ಲೇಶ್ವರ ಭಾಗವತರು ಬಂದವರು ಅಂಗಳದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಸುತ್ತಿನ ಹತ್ತೂರಿನ ತಾಳಮದ್ದಲೆಗೆ ನಲವತ್ತು ವರ್ಷ ಪದ ಹೇಳಿದವರು ಅವರು. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಪಾತ್ರಗಳ ಪರವಾಗಿ ಬರೀ ಮಾತಿನಲ್ಲಿ ಯುದ್ಧ ಮಾಡುವ ಕೂಟ. ಇದು ಜಗಳವಲ್ಲ, ಪ್ರಸಂಗ, ಇದನ್ನು ಬೀದಿಯಲ್ಲಿ ಆಡಿ ಹಾಳು ಮಾಡಬೇಡಿ, ನಾಳೆ ಮಧ್ಯಾಹ್ನ ಕೂಟ ಹಾಕೋಣ, ಕಾರವಾರದವರನ್ನು ಕರೆಸಿ ಅಂತ ಅವರು ಅಪ್ಪಣೆ ಮಾಡಿದರು. ವಿಜೇತಾ ವಾರದಲ್ಲಿ ಮೊದಲ ಸಲ ನಕ್ಕಳು. ಒಳಗೆ ಹೋಗಿ ರೂಪೇಶನಿಗೆ ಫೋನು ಮಾಡಿದಳು.

ನಿಮ್ಮ ಬಟ್ಟಲಿಗೆ ಸಾರ್ವಜನಿಕ ಸವಾಲು ಬಂದಿದೆ ಅಂತ ರೂಪೇಶ ಅಪ್ಪನಿಗೆ ಹೇಳಿದ. ದತ್ತಾ ಭಾನುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ, ತನ್ನ ವಹಿ ಮತ್ತು ಎರಡು ಚೀಲ ಕಾಮಿಕ್ಸ್ ಸಮೇತ ಬಂದಿಳಿದ. ಹೆಂಡತಿ ಮಗ ಹಿಂದಿನ ಬಸ್ಸಿಗೆ ಬಂದರು. ವೈಜಯಂತಿ ಕಾರಣ ಕೇಳಿದ ಮೇಲೆ ಗಂಡನ ಜೊತೆ ಒಂದೇ ಬಸ್ಸಿನಲ್ಲಿ ಬರಲು ಒಪ್ಪಿರಲಿಲ್ಲ. ಅವಳು ಸುನೀತಾಳ ಪಕ್ಕ ಕೂತು, ಮೂವತ್ತು ವರ್ಷ ಇವರ ಬಟ್ಟಲು ತೊಳೆದದ್ದಕ್ಕೆ ಇದೇ ಗೌರವ ನೋಡು ಅಕ್ಕಾ ಅಂದಳು.

ಚಾಪೆ ಹಾಸಿತ್ತು, ಮದ್ದಲೆ ಕೂತಿತ್ತು. ಊರೆಲ್ಲ ಅಂಗಳದಲ್ಲಿ. ಬೊಮ್ಮಯ್ಯ ರಾತ್ರಿಯಿಂದ ಗದೆಯ ಪರ ಮಾತು ಕಟ್ಟಿ ಬಾಯಿಪಾಠ ಮಾಡಿದ್ದ. ದತ್ತಾ ಬಸ್ಸಿನ ಉದ್ದಕ್ಕೂ ಬಟ್ಟಲಿನ ಪರ ಗೊಣಗುತ್ತ ಬಂದಿದ್ದ. ಪಾತ್ರ ಹಂಚುವುದು ಭಾಗವತರ ಹಕ್ಕು. ಚಾಪೆಯ ಮೇಲೆ ಕೂತಮೇಲೆ ಸಿಕ್ಕಿದ ಪಾತ್ರಕ್ಕೆ ನ್ಯಾಯ ಕೊಡಬೇಕು, ಮಾತು ಸಾಲದೆ ಎದ್ದುಹೋದವನನ್ನು ಊರು ಹತ್ತು ವರ್ಷ ಆಡಿಕೊಳ್ಳುತ್ತದೆ. ಭಾಗವತರು ಇಬ್ಬರನ್ನೂ ನೋಡಿದರು, ಜಾಗಟೆ ಎತ್ತಿಕೊಂಡರು.

"ದತ್ತಾ ಬೀಗರು ಗಗನಕೇತು. ನಮ್ಮ ಬೊಮ್ಮಯ್ಯ ಶೂನ್ಯನಾಥ."

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಅಷ್ಟರಲ್ಲಿ ಪದ ಎದ್ದಿತ್ತು.

ಎಲವೊ ಬಟ್ಟಲ ಪಿಡಿದು ನಿಂದವ
ನೆಲೆಯ ಪೇಳ್ ನಿನಗಾವ ಲೋಕವು?

ಪದ ನಿಂತ ಮೇಲೆ ಮಾತಾಡಲೇಬೇಕು. ದತ್ತಾ ಶುರು ಮಾಡಿದ. ಮೊದಲು ತಡವರಿಸಿದ, ಮೀನಿನ ಹೆಂಗಸರು ನಕ್ಕರು. ನಗು ಕೇಳಿದ್ದೇ ಅವನ ಬೆನ್ನು ನೆಟ್ಟಗಾಯಿತು. ಸೋಲುವುದು ಅವನ ರಕ್ತದಲ್ಲಿ ಇರಲಿಲ್ಲ, ಯಾವ ಕಡೆಯಿಂದಾದರೂ ಸರಿ. ಅವನು ಹೇಳಿದ: ಮೂವತ್ತೈದು ವರ್ಷ ನಾನು ಪಾವು, ಸೇರು, ಕೊಳಗಕ್ಕೆ ಸೀಲು ಹಾಕಿದವ. ಅಂಚು ಇಲ್ಲದ ಬಟ್ಟಲನ್ನು ಇವತ್ತಿನವರೆಗೆ ನೋಡಲಿಲ್ಲ. ಅಂಚು ಇದೆ ಅಂದರೆ ಮಿತಿ ಇದೆ. ತುಂಬಿದ ಮೇಲೆ ಚೆಲ್ಲಲೇಬೇಕು. ನನ್ನ ಗದೆಗೆ ಅಂಚಿಲ್ಲ, ತುಂಬುವುದಿಲ್ಲ, ಚೆಲ್ಲುವುದಿಲ್ಲ, ಬೀಸುವವನ ಕೈ ಇರುವ ತನಕ ಬೀಸುತ್ತದೆ. ಗದ್ದೆಯವರು ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡು ವರ್ಷ ಗದೆಯನ್ನು ಮೆಚ್ಚಿದ ಬೊಮ್ಮಯ್ಯನಿಗೆ ಈ ಒಂದು ಮಾತು ಹೊಳೆದಿರಲಿಲ್ಲ.

ಈಗ ಅವನ ಸರದಿ. ಬಾಯಿಪಾಠ ಮಾಡಿದ್ದು ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಅವನು ಅಂಗಳದತ್ತ ನೋಡಿದ. ಎದುರಿಗೆ ಬೊಮ್ಮಿ ಕೂತಿದ್ದಳು, ಪಕ್ಕದಲ್ಲಿ ಜಟ್ಟು.

"ಗಗನಕೇತು, ನೀನು ಒಡೀತೆ. ಒಡೆದ ಮೇಲೆ ಪುಡಿ ಉಳೀತದೆ. ಪುಡಿಯನ್ನ ನಾ ಚೈನು ಎಳೆದು ಅಳೀಬಹುದು. ಒಡೆದ ಗದ್ದೆ ಸಹ ಗದ್ದೆಯೇ, ಬಿದ್ದ ಮನೆ ಸಹ ಮನೆಯೇ, ಮತ್ತೆ ಕಟ್ಟಬಹುದು." ಅವನ ಕಣ್ಣು ತಾಯಿಯ ಕಡೆ ಹೋಯಿತು. "ಚೆಂಡಿಯಾದಲ್ಲಿ ನಮ್ಮ ಮನೆಯನ್ನ ಯಾರೂ ಒಡೀಲಿಲ್ಲ. ಬಾವಿ ಇತ್ತು, ಅಬ್ಬೆ ಬಿಟ್ಟು ಬಂದ ಒನಕೆ ಇತ್ತು. ಆದ್ರೆ ಒಳಗೆ ಹೋಗೂಕೆ ಆಗ್ಲಿಲ್ಲ. ಸದ್ದಿಲ್ಲದೆ ನುಂಗೂದು ಅಂದ್ರೆ ಅದು. ಅದಕ್ಕೆ ನಿನ್ನ ಗದೆಯಲ್ಲಿ ಅಳತೆ ಇಲ್ಲ."

ಅಂಗಳದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಟ್ಟು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡ. ಬೊಮ್ಮಿ ಮಗನನ್ನೇ ನೋಡುತ್ತಿದ್ದಳು. ದತ್ತಾ ಚಾಪೆಯ ಮೇಲೆ ಸರಿದು ಬೊಮ್ಮಯ್ಯನ ಕೈ ಹಿಡಿದುಕೊಂಡ.

"ಬಟ್ಟಲಿಗೆ ಹತ್ತು ಅಂತ ಇಷ್ಟು ವರ್ಷ ಬರೆದಿಟ್ಟವ ನಾನು. ಎಂತಕೆ ಹತ್ತು ಅಂತ ಇವತ್ತು ಗೊತ್ತಾಯ್ತು."

ಗದೆ ಅಂಥಾದ್ದು ಅಂತ ನನಗೂ ಇವತ್ತೇ ಗೊತ್ತಾಯ್ತು ಅಂದ ಬೊಮ್ಮಯ್ಯ. ಹಂಗಾದರೆ ಗದೆಗೆ ಹತ್ತು ಅಂತ ಒಪ್ಪುತ್ತೇನೆ ಅಂತ ದತ್ತಾ ಅಂದ. ಬೇಡ ಬೇಡ, ಬಟ್ಟಲಿಗೇ ಹತ್ತು, ಗದೆಗೆ ಆರು ಅಂತ ಬೊಮ್ಮಯ್ಯ ಅಂದ. ಆರು ಎಂತಕೆ, ಅಂಚಿಲ್ಲದ ಆಯುಧಕ್ಕೆ ಆರೇ ಅಂತ ದತ್ತಾನ ದನಿ ಏರಿತು. ಭಾಗವತರು ತಡಮಾಡದೆ ಮಂಗಳ ಹಾಡಿಬಿಟ್ಟರು. ಮಂಗಳ ಹಾಡಿದ ಮೇಲೆ ವಾದವಿಲ್ಲ. ಆ ಸಂದಿಯಲ್ಲಿ ಸುನೀತಾ ಕಪಾಟಿನಿಂದ ಪುಡಿಕೆ ತಂದು ಇರುವೆ ಕೊಡವಿ ಗಂಡನ ಕೈಯಲ್ಲಿಟ್ಟಳು. ವೈಜಯಂತಿ ಚೀಲದಿಂದ ತನ್ನದನ್ನು ತೆಗೆದು ಗಂಡನ ಕೈಯಲ್ಲಿಟ್ಟಳು. ಇಬ್ಬರು ಗಂಡಸರೂ ಎಂತ ಆಗುತ್ತಿದೆ ಅಂತ ತಿಳಿಯುವ ಮುಂಚೆ ಪುಡಿಕೆ ಕೈ ಬದಲಾಯಿತು. ಮಾತು ಗಟ್ಟಿಯಾಯಿತು. ದತ್ತಾನಿಗೆ ಸಿಕ್ಕ ಪುಡಿಕೆಯಲ್ಲಿ ನಲವತ್ತು ಗ್ರಾಂ ಕಮ್ಮಿ ಇತ್ತು, ಇರುವೆಯ ಪಾಲು, ಅವನು ಏನೂ ಅನ್ನಲಿಲ್ಲ.

ಮಳೆ ಹಿಡಿಯುವ ಮುಂಚೆ ಮದುವೆಯಾಯಿತು. ಊರಿನವರು ತಮ್ಮ ಚೀಲಗಳನ್ನು ಮನೆಗೆ ಒಯ್ದರು. ಆದರೂ ಗಡಿ ತಕರಾರು ಬಂದರೆ ಈಗಲೂ ಬೊಮ್ಮಯ್ಯನ ಹತ್ತಿರವೇ ಬರುತ್ತಾರೆ. ಟ್ರಂಕಿನ ಸದ್ದು ಕೇಳದಿದ್ದರೆ ಉತ್ತರದ ಮೇಲೆ ನಂಬಿಕೆ ಬರುವುದಿಲ್ಲ ಅಂತ ಜಟ್ಟುವೇ ಮುಚ್ಚಳ ತೆರೆದು ಮುಚ್ಚಿ ಬರುತ್ತಾನೆ, ಬರುವಾಗ ಓದಲು ಒಂದು ಪುಸ್ತಕ ತರುತ್ತಾನೆ. ದತ್ತಾ ಪ್ರತಿ ಭಾನುವಾರ ಹತ್ತರ ಬಸ್ಸಿಗೆ ಬರುತ್ತಾನೆ. ಬೊಮ್ಮಯ್ಯ ಬಟ್ಟಲಿನ ಪರ, ದತ್ತಾ ಗದೆಯ ಪರ. ಊಟದ ತನಕ ವಾದ, ಊಟದ ಮೇಲೆ ನಿದ್ದೆ.

ದೀಪಾವಳಿಯ ಹೊತ್ತಿಗೆ ರೂಪೇಶ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದವನು, ಹಳೇ ಪುಸ್ತಕದ ರಾಶಿಯಲ್ಲಿ 'ಮುಖಾಮುಖಿ' ಎರಡನೇ ಭಾಗ ಸಿಕ್ಕಿತು ಅಂತ ಹಿಡಿದುಕೊಂಡು ಬಂದ. ಇಬ್ಬರು ಬೀಗರ ನಡುವೆ ಇಟ್ಟ. ಇಬ್ಬರೂ ಬಹಳ ಹೊತ್ತು ಮುಖಪುಟ ನೋಡಿದರು. ಬೊಮ್ಮಯ್ಯ ಕ್ಯಾಲೆಂಡರಿನ ಕಾಗದ ತಂದ, ದತ್ತಾ ನೂಲು ಸುತ್ತಿ ಗಂಟು ಹಾಕಿ, ಗಂಟಿನ ಮೇಲೆ ಅರಗಿನ ಸೀಲು ಒತ್ತಿದ. ಟ್ರಂಕಿನ ತಳದಲ್ಲಿ ಇಟ್ಟರು. ಓದುವುದಿಲ್ಲವಾ ಅಂತ ರೂಪೇಶ ಕೇಳಿದ. ಓದಿದರೆ ಮುಗೀತಲ್ಲ, ಆಮೇಲೆ ಭಾನುವಾರ ನಾ ಎಂತಕೆ ಬರೂದು ಅಂತ ದತ್ತಾ ಅಂದ.

ಗಂಡಸರು ಉಂಡು ಮಲಗಿದ ಮೇಲೆ ಸುನೀತಾ ಸೀಲು ಮುರಿಯದೆ, ಕಾಗದದ ಬದಿಯಿಂದ ಪುಸ್ತಕ ಜಾರಿಸಿ ತೆಗೆದು, ಒಲೆಯ ಮುಂದೆ ಕೂತು ಪೂರ್ತಿ ಓದಿದಳು. ಒಮ್ಮೆ ನಕ್ಕು, ಮೊದಲಿದ್ದ ಹಾಗೆಯೇ ಜಾರಿಸಿ ಇಟ್ಟಳು. ಹಬ್ಬಕ್ಕೆ ಗಂಡನ ಜೊತೆ ಬಂದು ಬಟ್ಟಲು ತೊಳೆಯುತ್ತಿದ್ದ ವೈಜಯಂತಿ, ಯಾರು ಗೆದ್ದರು ಅಂತ ಮೆತ್ತಗೆ ಕೇಳಿದಳು.

"ಅದು ಬಿಡು. ಎಪ್ಪತ್ತು ಪುಟ ನೋಡಿದೆ," ಅಂದಳು ಸುನೀತಾ, ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತ. "ಕೊನೆಗೆ ಬಟ್ಟಲು ತೊಳೆದದ್ದು ಯಾರು ಅಂತ ಎಲ್ಲಿಯೂ ಬರೀಲಿಲ್ಲ."